ಅಂಜದೀವ

ಕೆರೆಗಳ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ನಡುಗಡ್ಡೆಯೆಂದರೆ ಕೆರೆ ತುಂಬಿದ ವರ್ಷ ನೀರಿನ ನಡುವೆ ತಲೆಯೆತ್ತಿ ನಿಲ್ಲುವ ಒಂದು ದಿಣ್ಣೆ, ಅಷ್ಟೆ. ನೀರು ಇಂಗಿದೊಡನೆ ಅದರ ನಡುಗಡ್ಡೆತನವೂ ಇಂಗಿಹೋಗುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಜನಕ್ಕೆ ಇದಕ್ಕಿಂತ ದೊಡ್ಡ ನಡುಗಡ್ಡೆಯ ಪರಿಚಯವಿರಲು ಕಾರಣವಿಲ್ಲ. ಕರಾವಳಿಯವರ ಮಾತು ಈ ವಿಷಯದಲ್ಲಿ ನಮ್ಮದಕ್ಕಿಂತ ಸಂಪನ್ನವಾದದ್ದು. ದಕ್ಷಿಣದ ಹೊಳೆಗಳ ನಡುವಣದು ಅವರಿಗೆ ಕುದುರು. ಶರಾವತಿ, ಅಘನಾಶಿನಿಗಳ ಅಳಿವೆಯ ಕಡೆಯದು ಕುರ್ವೆ. ಇನ್ನು ಕಡಲೊಳಗಿನದಕ್ಕೆ ಸಂಸ್ಕೃತದ ದ್ವೀಪ ಶಬ್ದ ಪ್ರಾಕೃತದಲ್ಲಿ 'ದೀವ'ವಾಗಿ ಪಶ್ಚಿಮ ಸಮುದ್ರದ ಉದ್ದಕ್ಕೂ ಚೆಲ್ಲಿಕೊಂಡಿದೆ. ಮಾಲ್ದೀವದಲ್ಲಿರುವುದು ಅದೇ, ಅಮೀನಿದೀವಿಯಲ್ಲಿರುವುದೂ ಅದೇ. ನಾನು ಈಗ ಹೇಳಹೊರಟಿರುವ ಅಂಜದೀವದಲ್ಲಿರುವುದೂ ಅದೇ.

ಅಂಜದೀವ ಕಾರವಾರದ ನೈಋತ್ಯಕ್ಕೆ, ಬಿಣಗಾ ಗ್ರಾಮದ ತೀರದಿಂದ ಒಂದೆರಡು ಕಿಲೋಮೀಟರು ದೂರದಲ್ಲಿದೆ. ಉದ್ದ ಸುಮಾರು ಒಂದೂವರೆ ಕಿಲೋಮೀಟರು. ಅಗಲ ಅದಕ್ಕಿಂತ ಬಹಳ ಕಡಿಮೆ. ಪಶ್ಚಿಮದ ಕಡೆ ತೆರೆದ ಸಮುದ್ರದ ಹೊಡೆತಕ್ಕೆ ಸಿಕ್ಕ ಬಂಡೆ, ಪೂರ್ವದ ಕಡೆ ನೆಲಕ್ಕೆ ಮುಖಮಾಡಿದ ಶಾಂತವಾದ ಮಗ್ಗುಲು. ಈ ಪೂರ್ವದ ಮಗ್ಗುಲೇ ಅದರ ಭಾಗ್ಯ, ಅದೇ ಅದರ ದೌರ್ಭಾಗ್ಯ. ಕಾಳಿ ನದಿಯ ಅಳಿವೆಯ ಎದುರಿಗೆ ಹರಡಿಕೊಂಡಿರುವ ಸಣ್ಣ ದ್ವೀಪಗಳಲ್ಲಿ ಇದೇ ದೊಡ್ಡದು. ಕೂರ್ಮಗಡ, ದೇವಗಡ ಮುಂತಾದವು ಇದರ ನೆರೆಯವು. ಕೂರ್ಮಗಡದಲ್ಲಿ ನರಸಿಂಹನ ಗುಡಿಯಿದೆ. ಪುಷ್ಯ ಮಾಸದ ಜಾತ್ರೆಗೆ ಜನ ದೋಣಿ ಏರಿ ಹೋಗುತ್ತಾರೆ. ದೇವಗಡದಲ್ಲಿ ಬ್ರಿಟಿಷರ ಕಾಲದ ದೀಪಸ್ತಂಭವಿದೆ. ಚರಿತ್ರೆ ಎಂಬುದು ನಡೆದದ್ದು ಮಾತ್ರ ಅಂಜದೀವದಲ್ಲಿ.

ಬಯಲು ಸೀಮೆಯವನಿಗೆ ಈ ಉಸಾಬರಿ ಏಕೆ ಎಂದು ಕೇಳುಗರು ಕೇಳಬಹುದು. ನಮ್ಮ ಮುಳಬಾಗಿಲು ವಿಜಯನಗರದ ಕಾಲದಲ್ಲಿ ಒಂದು 'ರಾಜ್ಯ'ದ ಮುಖ್ಯಸ್ಥಳವಾಗಿತ್ತೆಂಬುದು ನಿಮಗೆ ತಿಳಿದೇ ಇದೆ. ಇಮ್ಮಡಿ ದೇವರಾಯನ ಕಾಲದಲ್ಲಿ ಅದನ್ನು ಆಳಿದವನು ಲಕ್ಕಣ್ಣ ದಂಡೇಶ, 'ಶಿವತತ್ತ್ವ ಚಿಂತಾಮಣಿ'ಯ ಕರ್ತೃ. ನೀರಿಗಾಗಿ ಮುಗಿಲು ನೋಡುವ ನಾಡಿನ ಈ ಒಡೆಯನಿಗೆ ದಕ್ಷಿಣ ಸಮುದ್ರದ ಅಧಿಪತಿಯೆಂಬ ಬಿರುದಿತ್ತು. ಆ ಬಿರುದು ಬರಿಯ ಅಲಂಕಾರವಲ್ಲ. ವಿಜಯನಗರದ ದಂಡು ನಿಂತದ್ದು ಕುದುರೆಯ ಮೇಲೆ. ಒಳ್ಳೆಯ ಕುದುರೆ ನಮ್ಮ ನೆಲದಲ್ಲಿ ಹುಟ್ಟುತ್ತಿರಲಿಲ್ಲ. ಅದು ಅರಬರ ನಾಡಿನಿಂದ, ಹೊರ್ಮುಜಿನಿಂದ ಹಡಗಿನಲ್ಲಿ ಬಂದು ಭಟ್ಕಳ, ಹೊನ್ನಾವರಗಳಲ್ಲಿ ಇಳಿಯಬೇಕಾಗಿತ್ತು. ಆ ಹಡಗುಗಳು ಬರುವ ದಾರಿಯ ಮೇಲೆ, ಒಂದು ಕಡೆ ಗೋವೆ, ಇನ್ನೊಂದು ಕಡೆ ಹೊನ್ನಾವರ, ಎರಡರ ನಡುವೆ ಕುಳಿತಿತ್ತು ಅಂಜದೀವ. ಮುಳಬಾಗಿಲಿನ ಕೋಟೆಯ ಲಾಯದಲ್ಲಿ ನಿಂತ ಕುದುರೆಗೂ ಈ ನಡುಗಡ್ಡೆಗೂ ಅಷ್ಟರಮಟ್ಟಿನ ಸಂಬಂಧವಿದೆ.

ಈ ದ್ವೀಪವನ್ನು ಕುರಿತು ಬರೆದವರೆಲ್ಲ ದಾರಿಹೋಕರು. ಅವರಲ್ಲಿ ನನಗೆ ಅತ್ಯಂತ ಪ್ರಯೋಜನಕಾರಿಯಾಗಿ ಕಂಡವನು ಇಟಲಿಯ ವರ್ತೇಮ. ಹದಿನಾರನೆಯ ಶತಮಾನದ ಆರಂಭದಲ್ಲಿ, ಪೋರ್ಚುಗೀಸರು ಇಲ್ಲಿ ಕೋಟೆ ಕಟ್ಟುವುದಕ್ಕೆ ಸ್ವಲ್ಪ ಮೊದಲು, ಈ ಕಡೆ ಬಂದವನು. ಅವನು ಅಂಜದೀವಕ್ಕೆ ಕೊಟ್ಟಿರುವುದು ನಾಲ್ಕಾರು ವಾಕ್ಯ. ದ್ವೀಪದಲ್ಲಿ ಮುಸಲ್ಮಾನರೂ ಇತರರೂ ವಾಸವಾಗಿದ್ದಾರೆ, ನೆಲಕ್ಕೂ ಇದಕ್ಕೂ ಅರ್ಧ ಮೈಲಿ, ಗಾಳಿ ಅಷ್ಟು ಒಳ್ಳೆಯದಲ್ಲ, ನೆಲ ಫಲವತ್ತಾದುದಲ್ಲ, ದ್ವೀಪಕ್ಕೂ ನೆಲಕ್ಕೂ ನಡುವೆ ಬಹಳ ಒಳ್ಳೆಯ ಬಂದರಿದೆ, ನೀರು ಬಹಳ ಚೆನ್ನಾಗಿದೆ. ಇದಿಷ್ಟೇ ಅವನ ಮಾತಿನ ಸಾರಾಂಶ. ದ್ವೀಪದ ಸುತ್ತಳತೆ ಇಪ್ಪತ್ತು ಮೈಲಿಯೆಂದೂ ಹೇಳಿದ್ದಾನೆ. ಅದು ಪ್ರವಾಸಿಗರ ಲೆಕ್ಕ, ಬಿಟ್ಟುಬಿಡೋಣ. ಆದರೆ ಒಳ್ಳೆಯ ನೀರು, ಒಳ್ಳೆಯ ಬಂದರು, ಕೆಟ್ಟ ಗಾಳಿ ಎಂಬ ಮೂರು ಮಾತುಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಐದು ಶತಮಾನಗಳ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲು ನೀರು. ಸುತ್ತಲೂ ಉಪ್ಪು ನೀರಿರುವ ಇಷ್ಟು ಚಿಕ್ಕ ನೆಲದಲ್ಲಿ ಸಿಹಿನೀರು ಹೇಗೆ ಬಂತು? ಕೋಲಾರದ ಕೇಳುಗರಿಗೆ ಅಂತರಗಂಗೆಯನ್ನು ನೆನೆದರೆ ಸಾಕು. ನಮ್ಮ ಶತಶೃಂಗ ಪರ್ವತದ ಬಂಡೆಯ ಮೇಲೆ ಬಿದ್ದ ಮಳೆ ಬಿರುಕುಗಳಲ್ಲಿ ಇಳಿದು, ಒಳಗೊಳಗೆ ಹರಿದು, ಬಸವನ ಬಾಯಿಂದ ಹೊರಬೀಳುತ್ತದೆ. ಇಲ್ಲಿ ವರ್ಷಕ್ಕೆ ಏಳುನೂರು ಮಿಲಿಮೀಟರಿನಷ್ಟು ಮಳೆ ಬಿದ್ದೇ ಅಷ್ಟು ನೀರಾದರೆ, ಮೂರು ಸಾವಿರದ ಆಸುಪಾಸಿನಲ್ಲಿ ಮಳೆ ಸುರಿಯುವ ಕಾರವಾರದ ಬಂಡೆಗೆ ಎಷ್ಟು ನೀರು ಇಳಿಯಬಹುದು! ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ, ನೆಲದೊಳಗೆ ಇಳಿದದ್ದು ಕಡಲ ನೀರಿನೊಡನೆ ಥಟ್ಟನೆ ಬೆರೆಯದೆ ಅದರ ಮೇಲೆ ತೇಲಿ ನಿಲ್ಲುತ್ತದೆ. ಅದೇ ಊಟೆಯಾಗಿ ಒಸರುತ್ತದೆ. ತಿಂಗಳುಗಟ್ಟಲೆ ಪೀಪಾಯಿಯ ಕೊಳೆತ ನೀರು ಕುಡಿದು ಬಂದ ನಾವಿಕನಿಗೆ ಇಂಥ ಊಟೆ ಚಿನ್ನದ ಗಣಿಗಿಂತ ಹೆಚ್ಚು. ಚಿನ್ನದ ಗಣಿಯ ಜಿಲ್ಲೆಯವನಾಗಿ ಈ ಮಾತನ್ನು ಯೋಚಿಸಿಯೇ ಹೇಳುತ್ತಿದ್ದೇನೆ.

ನೀರಿದ್ದ ಕಡೆ ದೇವರಿರಬೇಕಷ್ಟೆ. ಅಂಜದೀವದಲ್ಲಿ ಇದ್ದವಳು ಆರ್ಯಾದುರ್ಗೆ. ಅವಳ ಗುಡಿ ಈಗ ಅಂಕೋಲೆಯಲ್ಲಿದೆ. ಮೂಲದಲ್ಲಿ ದೇವಿ ದ್ವೀಪದಲ್ಲಿದ್ದಳೆಂದೂ, ಪರದೇಶದವರ ಹಾವಳಿಯ ಕಾಲದಲ್ಲಿ ಭಕ್ತರು ಅವಳನ್ನು ಕಡಲು ದಾಟಿಸಿ ಅಂಕೋಲೆಗೆ ತಂದರೆಂದೂ ಸಂಪ್ರದಾಯ ಹೇಳುತ್ತದೆ. ಹೆಸರಿನ ವಿಚಾರವೂ ಇಲ್ಲೇ ಬರುತ್ತದೆ. ಅಂಜು ಎಂದರೆ ಮಲಯಾಳದಲ್ಲಿ ಐದು. ಐದು ದ್ವೀಪಗಳ ಗುಂಪಾದ್ದರಿಂದ ಅಂಜುದೀವ ಎಂಬುದು ಎಲ್ಲರೂ ಹೇಳುವ ವ್ಯುತ್ಪತ್ತಿ. ಕಡಲ ದಾರಿ ಬಲ್ಲವರು ಮಲಬಾರಿನ ನಾವಿಕರಾದ್ದರಿಂದ ಅದು ಅಸಂಭವವೇನಲ್ಲ. ಆದರೆ ಸಂಸ್ಕೃತದ 'ಆರ್ಯ' ತದ್ಭವದಲ್ಲಿ 'ಅಜ್ಜ'ವಾಗುವುದು ವ್ಯಾಕರಣ ಓದಿದವರಿಗೆ ತಿಳಿದ ಸಂಗತಿ. ಆರ್ಯೆಯ ದ್ವೀಪ ಅಜ್ಜದೀವವಾಗಿ, ಜನರ ಬಾಯಲ್ಲಿ ಒಂದು ಅನುಸ್ವಾರ ಸೇರಿ ಅಂಜದೀವವಾಯಿತೆನ್ನುವುದು ನನಗೆ ಹೆಚ್ಚು ಸಹಜವಾಗಿ ಕಾಣುತ್ತದೆ. ದ್ವೀಪಗಳನ್ನು ಎಣಿಸುವವನು ದೂರದಿಂದ ನೋಡುವ ನಾವಿಕ. ಅಲ್ಲೇ ಇರುವವನು ಊರಿಗೆ ದೇವರ ಹೆಸರನ್ನಿಡುತ್ತಾನೆ. ಇದು ನನ್ನ ಊಹೆ. ಒಪ್ಪುವುದು ಬಿಡುವುದು ಕೇಳುಗರಿಗೆ ಸೇರಿದ್ದು.

ಇಬ್ನ್ ಬತೂತ ಹದಿನಾಲ್ಕನೆಯ ಶತಮಾನದ ನಡುವಿನಲ್ಲಿ ಗೋವೆಯಿಂದ ಹೊನ್ನಾವರಕ್ಕೆ ಹೋಗುವಾಗ ನೆಲಕ್ಕೆ ಹತ್ತಿರದ ಒಂದು ಚಿಕ್ಕ ದ್ವೀಪದಲ್ಲಿ ಇಳಿದ. ಅಲ್ಲಿ ಒಂದು ದೇವಾಲಯ, ಒಂದು ತೋಟ, ಒಂದು ಕೊಳ ಇದ್ದವಂತೆ. ಇದು ಅಂಜದೀವವೇ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ದೇವಾಲಯದ ಗೋಡೆಗೆ ಒರಗಿ ಒಬ್ಬ ಜೋಗಿ ಕುಳಿತಿದ್ದ, ಮಾತಾಡಿಸಿದರೆ ಮಾತಾಡಲಿಲ್ಲ, ಕೂಗು ಹಾಕಿದೊಡನೆ ಮರದಿಂದ ಒಂದು ತೆಂಗಿನಕಾಯಿ ಬಿತ್ತು, ಅದನ್ನು ಅತಿಥಿಗಳಿಗೆ ಕೊಟ್ಟ. ಹಣ ಕೊಡಹೋದರೆ ಬೇಡವೆಂದ. ಬತೂತನ ಕೈಯಲ್ಲಿದ್ದ ಜಪಮಾಲೆಯನ್ನು ತೆಗೆದುಕೊಂಡು, ಮೂಸಿ, ಮುತ್ತಿಟ್ಟು, ಮೊದಲು ಆಕಾಶದ ಕಡೆಗೂ ಆಮೇಲೆ ಮೆಕ್ಕೆಯ ದಿಕ್ಕಿಗೂ ಕೈತೋರಿದ. ಪ್ರವಾಸಿಗ ಆಶ್ಚರ್ಯಪಟ್ಟು ಅವನು ಗುಟ್ಟಾಗಿ ಮುಸಲ್ಮಾನನಿರಬೇಕೆಂದು ತೀರ್ಮಾನಿಸಿದ. ಅರಬರ ಹಡಗು ದಿನವೂ ಹಾಯುವ ದಾರಿಯಲ್ಲಿ ಕುಳಿತ ಜೋಗಿಗೆ ಬಂದವರು ಯಾವ ದಿಕ್ಕಿಗೆ ಕೈಮುಗಿಯುತ್ತಾರೆಂಬುದು ತಿಳಿಯದೆ ಇದ್ದೀತೇ ಎಂದು ನನಗನಿಸುತ್ತದೆ. ಏನೇ ಇರಲಿ, ದ್ವೀಪದಲ್ಲಿ ನೆಲೆಯಾಗಿದ್ದ ಒಬ್ಬ ಮನುಷ್ಯ ಪುಸ್ತಕದಲ್ಲಿ ಇಷ್ಟು ಹತ್ತಿರದಿಂದ ಕಾಣಿಸಿಕೊಳ್ಳುವುದು ಇದೊಂದೇ ಸಲ. ಅವನೂ ಮೌನಿ.

ಮುಂದಿನವನು ವಾಸ್ಕೊ ಡ ಗಾಮ. ಕಲ್ಲಿಕೋಟೆಯಲ್ಲಿ ಸಾಮೂದಿರಿಯೊಡನೆ ಮನಸ್ತಾಪ ಮಾಡಿಕೊಂಡು ಉತ್ತರಕ್ಕೆ ಹೊರಟ ಅವನು 1498ರ ಸೆಪ್ಟೆಂಬರಿನಲ್ಲಿ ಮಲ್ಪೆಯ ಮುಂದಿನ ದ್ವೀಪದಲ್ಲಿ ಶಿಲುಬೆಯ ಕಂಬ ನೆಟ್ಟು ಅದಕ್ಕೆ ಸಂತ ಮೇರಿಯ ಹೆಸರಿಟ್ಟ. ಅಲ್ಲಿಂದ ಮುಂದೆ ಬಂದು ಅಂಜದೀವದಲ್ಲಿ ಲಂಗರು ಹಾಕಿದ. ಅವನ ಜೊತೆಗಿದ್ದ ಒಬ್ಬನು ಬರೆದಿಟ್ಟ ದಿನಚರಿ ಉಳಿದುಬಂದಿದೆ. ಅದರಲ್ಲಿ ದ್ವೀಪದ ಚಿತ್ರವಿದೆ. ಕೆತ್ತಿದ ಕಲ್ಲಿನಲ್ಲಿ ಕಟ್ಟಿದ ಒಂದು ದೊಡ್ಡ ದೇವಾಲಯ ಪಾಳುಬಿದ್ದಿತ್ತು. ಅದರ ಒಂದು ಗರ್ಭಗುಡಿ ಮಾತ್ರ ಹುಲ್ಲು ಹೊದಿಸಿಕೊಂಡು ಉಳಿದಿತ್ತು. ಒಳಗೆ ನಿಲ್ಲಿಸಿದ್ದ ಮೂರು ಕರಿಯ ಕಲ್ಲುಗಳಿಗೆ ಜನ ಪೂಜೆ ಮಾಡುತ್ತಿದ್ದರು. ಪಕ್ಕದಲ್ಲಿ ಅದೇ ಕೆಲಸಗಾರಿಕೆಯ ಕಲ್ಲು ಕಟ್ಟಿದ ಕೊಳ. ದ್ವೀಪದ ನೆತ್ತಿಯಲ್ಲಿ ನಾಲ್ಕು ಮಾರು ಆಳದ ಇನ್ನೂ ದೊಡ್ಡದೊಂದು ಕೊಳ. ಪೋರ್ಚುಗೀಸನು ಅದನ್ನು ತನ್ನ ಭಾಷೆಯಲ್ಲಿ ಇಗರ್ಜಿಯೆಂದು ಬರೆದ, ಏಕೆಂದರೆ ಹಿಂದೂಗಳೆಲ್ಲ ಒಂದು ಬಗೆಯ ಕ್ರೈಸ್ತರೆಂಬ ಭ್ರಮೆ ಅವರಿಗೆ ಇನ್ನೂ ಹರಿದಿರಲಿಲ್ಲ. ನಾವು ಅದನ್ನು ಗುಡಿಯೆಂದೂ ಕಲ್ಯಾಣಿಯೆಂದೂ ಓದಿಕೊಳ್ಳಬಹುದು. ಹುಲ್ಲು ಹೊದಿಸಿದ ಆ ಗರ್ಭಗುಡಿಯ ಮೇಲೆ ನನ್ನ ಮನಸ್ಸು ನಿಲ್ಲುತ್ತದೆ. ದೊಡ್ಡ ಗುಡಿಯನ್ನು ಮತ್ತೆ ಕಟ್ಟುವ ಶಕ್ತಿ ಅವರಿಗಿರಲಿಲ್ಲ. ಹುಲ್ಲು ಹೊದಿಸುವ ಶಕ್ತಿಯಿತ್ತು, ಹೊದಿಸಿದರು.

ಗಾಮ ಅಲ್ಲಿ ಹಡಗುಗಳನ್ನು ದಡಕ್ಕೆಳೆದು ಅಡಿ ಕೆರೆದು ರಿಪೇರಿ ಮಾಡಿಸಿದ. ಅಷ್ಟರಲ್ಲಿ ಎರಡು ಪ್ರಸಂಗಗಳು ನಡೆದವು. ಎಲೆ ಕೊಂಬೆಗಳನ್ನು ಹೊದ್ದ ತೆಪ್ಪಗಳಂತೆ ವೇಷ ಮರೆಸಿಕೊಂಡು ಕೆಲವು ನಾವೆಗಳು ಬಂದವು. ಅವನ್ನು ಕಳಿಸಿದವನು ಹೊನ್ನಾವರದ ತಿಮ್ಮೋಜನೆಂದು ಪೋರ್ಚುಗೀಸ್ ಚರಿತ್ರಕಾರರು ಹೇಳುತ್ತಾರೆ. ತೋಪಿನ ಹೊಡೆತಕ್ಕೆ ಅವು ಚೆದುರಿದವು. ಇನ್ನೊಂದು ಪ್ರಸಂಗ ಕಾದಂಬರಿಗೆ ತಕ್ಕದ್ದು. ಸುಮಾರು ನಲವತ್ತರ ವಯಸ್ಸಿನ ಒಬ್ಬ ಮನುಷ್ಯ ಬಂದು ಗಾಮನನ್ನು ಅಪ್ಪಿಕೊಂಡು ವೆನಿಸಿನ ಭಾಷೆಯಲ್ಲಿ ಮಾತಾಡತೊಡಗಿದ. ಅನುಮಾನಗೊಂಡು ಹಿಡಿದು ಹೊಡೆದು ವಿಚಾರಿಸಿದರೆ, ಅವನು ಗೋವೆಯ ಒಡೆಯನ ಕಡೆಯಿಂದ ಸುದ್ದಿ ತಿಳಿಯಲು ಬಂದ ಯಹೂದಿ. ಗಾಮ ಅವನನ್ನು ಹಡಗಿಗೆ ಹಾಕಿಕೊಂಡು ಹೋಗಿ, ಕ್ರೈಸ್ತನನ್ನಾಗಿ ಮಾಡಿ, ತನ್ನ ಹೆಸರನ್ನೇ ಕೊಟ್ಟ. ಹೀಗೆ ಗಾಸ್ಪರ್ ಡ ಗಾಮನಾದ ಅವನು 1500ರಲ್ಲಿ ಕಬ್ರಾಲನ ಹಡಗುಪಡೆಯೊಡನೆ ದುಭಾಷಿಯಾಗಿ ಮತ್ತೆ ಈ ಕಡಲಿಗೆ ಬಂದ. ಅಕ್ಟೋಬರ್ 5ರಂದು ಗಾಮ ಅಂಜದೀವದ ಕೊಳದ ನೀರು ತುಂಬಿಕೊಂಡು ಹೊರಟ. ಆಫ್ರಿಕದ ನೆಲ ಕಂಡದ್ದು 1499ರ ಜನವರಿ 2ರಂದು. ಆ ಮೂರು ತಿಂಗಳಲ್ಲಿ ಒಸಡು ಕೊಳೆಯುವ ರೋಗದಿಂದ ಮೂವತ್ತರಷ್ಟು ಜನ ಸತ್ತರು.

ನೀರಿನ ರುಚಿ ಕಂಡವರು ಮರೆಯುವುದಿಲ್ಲ. 1505ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿಸ್ಕೊ ಡ ಅಲ್ಮೇಡ ಬಂದು ಇಲ್ಲಿ ಕೋಟೆ ಕಟ್ಟಿಸತೊಡಗಿದ. ಗೋವೆ ಇನ್ನೂ ಅವರ ಕೈಗೆ ಬಂದಿರದ ಕಾಲ ಅದು. ಎಂಬತ್ತು ಜನರ ಕಾವಲಿಟ್ಟು ಅವನು ದಕ್ಷಿಣಕ್ಕೆ ಹೋದ. ಕೋಟೆಯ ಉದ್ದೇಶ ಸ್ಪಷ್ಟವಾದದ್ದೇ: ಗೋವೆಗೆ ಹೋಗುವ ಕುದುರೆ, ಹೊನ್ನಾವರಕ್ಕೆ ಹೋಗುವ ಕುದುರೆ ಎರಡರ ಮೇಲೂ ಕಣ್ಣಿಡುವುದು. ಆದರೆ ಈ ಕಡಲಿನ ಪಂಚಾಂಗವನ್ನು ಅವರು ಆಗಿನ್ನೂ ಸರಿಯಾಗಿ ಓದಿರಲಿಲ್ಲ. ಜೂನ್ ಬಂತೆಂದರೆ ಸೆಪ್ಟೆಂಬರಿನವರೆಗೆ ಪಶ್ಚಿಮ ಸಮುದ್ರದಲ್ಲಿ ಹಡಗು ಹಾಯುವಂತಿಲ್ಲ. ಎಂಬತ್ತು ಜನ ಒಂದೂವರೆ ಕಿಲೋಮೀಟರಿನ ಬಂಡೆಯ ಮೇಲೆ, ಎದುರಿಗೆ ಶತ್ರುವಿನ ನೆಲ, ಹಿಂದೆ ಕುದಿಯುವ ಕಡಲು. 1506ರಲ್ಲಿ ಬಿಜಾಪುರದ ಹಡಗುಪಡೆ ಬಂದು ಮುತ್ತಿತು. ಅದನ್ನು ನಡೆಸಿದವನು ಮತ ಬದಲಿಸಿ ಆ ಪಕ್ಷ ಸೇರಿದ್ದ ಒಬ್ಬ ಪೋರ್ಚುಗೀಸನೇ. ಮುತ್ತಿಗೆಯೇನೋ ಸಡಿಲಿತು. ಆದರೆ ಲಾಭಕ್ಕಿಂತ ಖರ್ಚೇ ಹೆಚ್ಚೆಂದು ಕಂಡು, ಕಟ್ಟಿದವರೇ ಕೋಟೆಯನ್ನು ಕೆಡವಿ ಹೊರಟರು. 1510ರಲ್ಲಿ ಅಲ್ಬುಕರ್ಕ್ ಗೋವೆಯನ್ನು ಗೆದ್ದು ಕಳೆದುಕೊಂಡು, ಮಳೆಗಾಲವನ್ನೆಲ್ಲ ಮಾಂಡವಿಯ ಅಳಿವೆಯಲ್ಲಿ ಹಸಿದು ಕಳೆದು, ಆಗಸ್ಟಿನಲ್ಲಿ ಹೊರಬಿದ್ದಾಗ ಮೊದಲು ಬಂದದ್ದು ಅಂಜದೀವಕ್ಕೆ. ಅಷ್ಟರಲ್ಲಿ ಹಿಂದೆ ಎಲೆ ಹೊದ್ದ ನಾವೆಗಳನ್ನು ಕಳಿಸಿದ್ದ ತಿಮ್ಮೋಜನೇ ಪೋರ್ಚುಗೀಸರ ಸ್ನೇಹಿತನಾಗಿದ್ದ. ಅದೇ ವರ್ಷ ನವೆಂಬರಿನಲ್ಲಿ ಗೋವೆ ಮತ್ತೆ ಬಿದ್ದಿತು. ಗೋವೆಯಂಥ ಬಂದರು ಕೈಗೆ ಬಂದಮೇಲೆ ಈ ಬಂಡೆಯನ್ನು ಕೇಳುವವರಿಲ್ಲದೆ ಹೋಯಿತು. ಒಂದೂವರೆ ಶತಮಾನ ಪುಸ್ತಕಗಳು ಅದರ ಸುದ್ದಿಗೆ ಹೆಚ್ಚಾಗಿ ಹೋಗಲಿಲ್ಲ.

ಇನ್ನು ವರ್ತೇಮನ ಕೆಟ್ಟ ಗಾಳಿಯ ಮಾತು. ಅದರ ಅರ್ಥ ಇಂಗ್ಲಿಷರಿಗೆ ಗೊತ್ತಾದ ಬಗೆ ದಾರುಣವಾದದ್ದು. 1661ರ ಒಪ್ಪಂದದಂತೆ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳನ್ನು ಮದುವೆಯಾದ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಗೆ ಮುಂಬಯಿ ಬಳುವಳಿಯಾಗಿ ಬಂತು. ಅದನ್ನು ವಶಪಡಿಸಿಕೊಳ್ಳಲು ಸರ್ ಅಬ್ರಹಾಂ ಶಿಪ್‌ಮನ್ ಎಂಬವನ ಕೈಕೆಳಗೆ ನಾನೂರು ಐನೂರು ಸಿಪಾಯಿಗಳು 1662ರ ಸೆಪ್ಟೆಂಬರಿನಲ್ಲಿ ಮುಂಬಯಿಗೆ ಬಂದರು. ಪೋರ್ಚುಗೀಸ್ ಅಧಿಕಾರಿ ಕಾಗದಪತ್ರ ಸರಿಯಿಲ್ಲವೆಂದು ಊರು ಬಿಟ್ಟುಕೊಡಲಿಲ್ಲ. ಸೂರತ್ತಿಗೆ ಹೋದರೆ, ಅಷ್ಟು ಜನ ಸಿಪಾಯಿಗಳು ಇಳಿದರೆ ಮೊಗಲರು ಸಂಶಯಪಟ್ಟಾರೆಂದು ಅಲ್ಲಿನ ಇಂಗ್ಲಿಷ್ ವರ್ತಕರೇ ಹೆದರಿ ಬೇಡವೆಂದರು. ಸ್ವದೇಶದವರಿಗೂ ಬೇಡವಾದ ಈ ದಂಡು ಕಡೆಗೆ ಇಳಿದದ್ದು, ಯಾರೂ ಆಕ್ಷೇಪಿಸದ ಅಂಜದೀವದಲ್ಲಿ. ಒಳ್ಳೆಯ ನೀರಿದೆ, ಒಳ್ಳೆಯ ಬಂದರಿದೆ. ಲಂಡನ್ನಿನಿಂದ ಸರಿಯಾದ ಕಾಗದ ಬರುವವರೆಗೆ ಕಾಯುವುದಕ್ಕೆ ಇನ್ನೇನು ಬೇಕು?

ಕಾಗದ ಹೋಗಿ ಬರುವುದಕ್ಕೆ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷದಲ್ಲಿ ಎರಡು ಮಳೆಗಾಲ. ನೆರಳಿಗೆ ಸರಿಯಾದ ಮಾಡಿಲ್ಲ, ಒಗ್ಗುವ ಆಹಾರವಿಲ್ಲ, ಬೇಸರ ಕಳೆಯಲು ಹೆಂಡ. ಜ್ವರ, ಅತಿಸಾರ ಶುರುವಾದವು. ಯಾವ ಕೊಳದ ಸಿಹಿನೀರು ದ್ವೀಪಕ್ಕೆ ಜನರನ್ನು ಕರೆಯುತ್ತಿತ್ತೋ ಅದರಂಥ ನಿಂತ ನೀರಿನಲ್ಲೇ ಸೊಳ್ಳೆ ಹುಟ್ಟುತ್ತದೆಂಬ ತಿಳಿವು ಬರಲು ಇನ್ನೂ ಎರಡು ಶತಮಾನಕ್ಕೂ ಹೆಚ್ಚು ಕಾಲ ಬೇಕಿತ್ತು. ಸೊಳ್ಳೆಗೂ ಮಲೇರಿಯಕ್ಕೂ ಇರುವ ಸಂಬಂಧವನ್ನು ರೊನಾಲ್ಡ್ ರಾಸ್ ತೋರಿಸಿದ್ದು 1897ರಲ್ಲಿ. ಮಲೇರಿಯ ಎಂಬ ಶಬ್ದವೇ ಇಟಲಿಯದು, ಕೆಟ್ಟ ಗಾಳಿಯೆಂದೇ ಅದರ ಅರ್ಥ. 1664ರಲ್ಲಿ ಶಿಪ್‌ಮನ್ ಸತ್ತ. ಮುಂಬಯಿಯ ಗವರ್ನರನೆಂದು ದೊರೆಯಿಂದ ನೇಮಕಗೊಂಡವನು ಮುಂಬಯಿಯನ್ನು ಆಳದೆ ಅಂಜದೀವದ ಮಣ್ಣಾದ. ಅವನ ಕಾರ್ಯದರ್ಶಿ ಹಂಫ್ರಿ ಕುಕ್ ಉಳಿದವರನ್ನು ಕರೆದುಕೊಂಡು ಹೋಗಿ 1665ರ ಫೆಬ್ರವರಿ 18ರಂದು ಮುಂಬಯಿಯನ್ನು ವಹಿಸಿಕೊಂಡ. ಉಳಿದಿದ್ದವರು ನೂರರ ಆಸುಪಾಸು. ಬ್ರಿಟಿಷರ ಮುಂಬಯಿಯ ಚರಿತ್ರೆ ಬರೆಯುವವರು ಈ ಅಧ್ಯಾಯವನ್ನು ಒಂದೆರಡು ಸಾಲಿನಲ್ಲಿ ಮುಗಿಸುತ್ತಾರೆ. ಮುನ್ನೂರಕ್ಕೂ ಮಿಕ್ಕ ಹೆಣಗಳನ್ನು ಆ ಸಣ್ಣ ಬಂಡೆಯಲ್ಲಿ ಎಲ್ಲಿ ಹೂಳಿದರು, ಹೂಳುವ ಕೈಗಳೇ ಮರುವಾರ ಹೂಳಿಸಿಕೊಳ್ಳುವ ಸರದಿಗೆ ಬಂದಾಗ ಬದುಕಿದ್ದವರು ಏನು ಮಾತಾಡಿಕೊಂಡರು ಎಂದು ಯೋಚಿಸಿದರೆ, ಆ ಮಹಾನಗರಕ್ಕೆ ಕೊಟ್ಟ ಬೆಲೆಯಲ್ಲಿ ಇದನ್ನೂ ಸೇರಿಸಬೇಕೆನಿಸುತ್ತದೆ. ಮೂರೇ ವರ್ಷದಲ್ಲಿ, 1668ರಲ್ಲಿ, ದೊರೆ ಆ ಊರನ್ನು ವರ್ಷಕ್ಕೆ ಹತ್ತು ಪೌಂಡಿನ ಗೇಣಿಗೆ ಕಂಪನಿಗೆ ಕೊಟ್ಟುಬಿಟ್ಟ.

ಕುಕ್ ಮುಂಬಯಿ ಪಡೆದ ಅದೇ ಫೆಬ್ರವರಿಯಲ್ಲಿ ಶಿವಾಜಿ ಬಸರೂರನ್ನು ಸೂರೆಮಾಡಿ, ಗೋಕರ್ಣದಲ್ಲಿ ಸ್ನಾನ ಮಾಡಿ, ಅಂಕೋಲೆಯ ಮೇಲೆ ಕಾರವಾರಕ್ಕೆ ಬಂದು ಅಲ್ಲಿನ ಇಂಗ್ಲಿಷ್ ಕೋಠಿಯಿಂದ ಕಪ್ಪ ವಸೂಲು ಮಾಡಿದ. ಅವನ ತಂದೆ ಷಹಾಜಿಯ ಜಹಗೀರಿನಲ್ಲಿ ನಮ್ಮ ಕೋಲಾರವೂ ಸೇರಿತ್ತೆಂಬುದನ್ನು ಇಲ್ಲಿ ಸುಮ್ಮನೆ ನೆನೆಯಬಹುದು. ಶಿವಾಜಿಯ ಮಗ ಸಂಭಾಜಿಯ ಕಣ್ಣು ದ್ವೀಪದ ಮೇಲೆ ಬಿದ್ದಾಗ ಪೋರ್ಚುಗೀಸರಿಗೆ ತಮ್ಮ ಹಳೆಯ ಸೊತ್ತಿನ ನೆನಪಾಯಿತು. 1682ರಲ್ಲಿ ಅವರು ಅಲ್ಲಿ ಮತ್ತೆ ಕೋಟೆ ಕಟ್ಟಿದರು. ಈಗ ಉಳಿದಿರುವ 'ಬ್ರೋಟಸ್' ಮಾತೆಯ ಇಗರ್ಜಿ ಅಲ್ಲಿಯ ಜನಜೀವನದ ನಡುಮನೆಯಾಯಿತು. ಬ್ರೋಟಸ್ ಪೋರ್ಚುಗಲ್ಲಿನ ಒಂದು ಊರಿನ ಹೆಸರು. ಆದರೆ ಇಲ್ಲಿ ಎಲ್ಲರೂ ಅರ್ಥಮಾಡಿಕೊಂಡು ಬಂದಿರುವುದು ಊಟೆಗಳ ಮಾತೆಯೆಂದು. ಆರ್ಯಾದುರ್ಗೆ ಬಿಟ್ಟುಹೋದ ನೀರಿನ ಬಳಿಗೆ ಇನ್ನೊಬ್ಬ ತಾಯಿ ಬಂದಳು. ಭಾಷಾಂತರ ತಪ್ಪಿರಬಹುದು, ಜನ ತಪ್ಪಲಿಲ್ಲ.

ಈ ಎರಡನೆಯ ಕೋಟೆಯ ಕಾಲದಲ್ಲಿ ಅಂಜದೀವಕ್ಕೆ ನಿಜವಾದ ಅರ್ಥದಲ್ಲಿ ಒಕ್ಕಲು ಬಂತು. ಬೂದಿಕೋಟೆಯಲ್ಲಿ ಹುಟ್ಟಿದ, ಕೋಲಾರದಲ್ಲಿ ತಂದೆಯ ಗೋರಿಯಿರುವ ಹೈದರಾಲಿ 1763ರಲ್ಲಿ ಬಿದನೂರನ್ನು ಗೆದ್ದ. ಅದರ ಹಿಂದೆಯೇ ಸೋದೆಯೂ ಕಾರವಾರದ ಕರಾವಳಿಯೂ ಅವನ ಕೈಸೇರಿದವು. ಸೋದೆಯ ಅರಸು ಗೋವೆಯ ಆಶ್ರಯ ಹೊಕ್ಕ. ಕಾಣಕೋಣದ ಸೀಮೆ ಪೋರ್ಚುಗೀಸರ ಪಾಲಾದದ್ದು ಆ ಗಲಿಬಿಲಿಯ ಫಲವಾಗಿಯೇ. ಟಿಪ್ಪುವಿನ ಕಾಲದಲ್ಲಿ, 1784ರಲ್ಲಿ, ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ್ದನ್ನು ನೀವು ಓದಿದ್ದೀರಿ. ಆ ಯುದ್ಧಗಳ ವರ್ಷಗಳಲ್ಲಿ ಎದುರಿನ ತೀರದಿಂದ ಕ್ರೈಸ್ತರೂ ಹಿಂದೂಗಳೂ ದೋಣಿ ಹತ್ತಿ ಈ ದ್ವೀಪದಲ್ಲಿ ಆಶ್ರಯ ಪಡೆದರು. ದೊಡ್ಡವರಿಗೆ ಅಂಜದೀವ ಬಂದರು ಅಥವಾ ಕೋಟೆ. ಅವರಿಗೆ ಅದು ನಡುವೆ ನೀರಿದೆಯೆಂಬ ಒಂದು ಧೈರ್ಯ. ಹಾಗೆ ಬಂದವರಲ್ಲಿ ಉಳಿದವರು ಉಳಿದರು. ಪೋರ್ಚುಗೀಸರು ಅಪರಾಧಿಗಳನ್ನು ಗಡೀಪಾರು ಮಾಡಲೂ ಈ ಜಾಗವನ್ನು ಬಳಸಿದರು. ಮೀನು, ತೆಂಗು, ಫೆಬ್ರವರಿ 2ರಂದು ಬ್ರೋಟಸ್ ಮಾತೆಯ ಹಬ್ಬ, ಅಕ್ಟೋಬರ್ 4ರಂದು ಸಂತ ಫ್ರಾನ್ಸಿಸ್ಸನ ಹಬ್ಬ, ಕೊಂಕಣಿ ಮಾತು, ಹಬ್ಬಕ್ಕೆ ಬಿಣಗಾ ತೀರದಿಂದ ದೋಣಿಗಳಲ್ಲಿ ಬರುವ ನೆಂಟರು. ಎದುರಿನ ಕಾರವಾರ 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದಾಗಲೂ, ಧಾರವಾಡದ ಹತ್ತಿಗೆ ಅದನ್ನು ಮಹಾಬಂದರು ಮಾಡುತ್ತೇವೆಂಬ ಕನಸುಗಳು ಎದ್ದು ಬಿದ್ದಾಗಲೂ, 1883ರಲ್ಲಿ ಇಪ್ಪತ್ತೆರಡರ ತರುಣ ರವೀಂದ್ರನಾಥ ಠಾಕೂರರು ಅಣ್ಣನ ಮನೆಗೆ ಬಂದು ಕಾರವಾರದ ದಂಡೆಯಲ್ಲಿ ನಾಟಕ ಬರೆದಾಗಲೂ, ದ್ವೀಪದ ಬದುಕು ಹೀಗೆಯೇ ಸಾಗಿತ್ತು. ಇದನ್ನು ಚರಿತ್ರೆಯೆಂದು ಯಾರೂ ಕರೆಯಲಿಲ್ಲ.

ಚರಿತ್ರೆ ಮತ್ತೆ ಬಂದದ್ದು 1961ರಲ್ಲಿ. ದೇಶಕ್ಕೆ ಸ್ವಾತಂತ್ರ್ಯ ಬಂದು ಹದಿನಾಲ್ಕು ವರ್ಷವಾಗಿದ್ದರೂ ಕಾರವಾರದ ಕಣ್ಣೆದುರಿಗೆ ಪೋರ್ಚುಗೀಸ್ ಬಾವುಟ ಹಾರುತ್ತಿತ್ತು. ಆ ನವೆಂಬರಿನಲ್ಲಿ ದ್ವೀಪದ ಪೋರ್ಚುಗೀಸ್ ಸಿಪಾಯಿಗಳು ಮೊದಲು 'ಸಾಬರಮತಿ' ಎಂಬ ಪ್ರಯಾಣಿಕರ ಹಡಗಿನ ಮೇಲೆ, ಕೆಲವು ದಿನಗಳ ಬಳಿಕ ಮೀನುಗಾರರ ದೋಣಿಗಳ ಮೇಲೆ ಗುಂಡು ಹಾರಿಸಿದರು; ಒಬ್ಬ ಮೀನುಗಾರ ಸತ್ತ. ಗೋವೆಯ ವಿಮೋಚನೆಯ ಕಾರ್ಯಾಚರಣೆ ಡಿಸೆಂಬರ್ 18ರಂದು ಶುರುವಾದಾಗ ಅಂಜದೀವವನ್ನು ಹಿಡಿಯುವ ಕೆಲಸ 'ಮೈಸೂರು' ಮತ್ತು 'ತ್ರಿಶೂಲ' ಎಂಬ ಯುದ್ಧನೌಕೆಗಳ ಪಾಲಿಗೆ ಬಂತು. ಮೊದಲ ತಂಡ ದಡಕ್ಕಿಳಿಯಿತು. ಬಿಳಿಯ ಬಾವುಟವೂ ಕಾಣಿಸಿಕೊಂಡಿತು. ಅದನ್ನು ನಂಬಿ ಮುಂದುವರಿದವರ ಮೇಲೆ ಗುಂಡು ಸುರಿಯಿತು. ನಮ್ಮ ನೌಕಾದಳದ 7 ಮಂದಿ ಸತ್ತರು. ಕಡೆಯ ಪೋರ್ಚುಗೀಸ್ ಸಿಪಾಯಿಗಳು ಶರಣಾದದ್ದು ಮರುದಿನ. ಗೋವೆಯ ಅಷ್ಟು ದೊಡ್ಡ ನೆಲದಲ್ಲಿ ಪ್ರತಿರೋಧ ಬೇಗ ಕುಸಿದಿತ್ತೆಂಬುದನ್ನು ನೆನೆದರೆ, ಈ ಚೂರು ನೆಲಕ್ಕೆ ಕೊಟ್ಟದ್ದು ಹೆಚ್ಚೇ.

ವರ್ತೇಮ ಹೇಳಿದ್ದರಲ್ಲಿ ಇನ್ನುಳಿದದ್ದು ದ್ವೀಪಕ್ಕೂ ನೆಲಕ್ಕೂ ನಡುವಣ ಒಳ್ಳೆಯ ಬಂದರು. ಅದನ್ನು ಪೂರ್ತಿಯಾಗಿ ಬಳಸಿಕೊಂಡದ್ದು ಸ್ವತಂತ್ರ ಭಾರತ. 1986ರ ಅಕ್ಟೋಬರಿನಲ್ಲಿ ಪ್ರಧಾನಿ ರಾಜೀವ್ ಗಾಂಧಿಯವರು 'ಸೀಬರ್ಡ್' ನೌಕಾನೆಲೆಗೆ ಶಂಕುಸ್ಥಾಪನೆ ಮಾಡಿದರು. 2005ರ ಮೇ 31ರಂದು ಅದು 'ಕದಂಬ' ಎಂಬ ಹೆಸರಿನಿಂದ ಸೇವೆಗೆ ಸೇರಿತು. ನಮ್ಮ ಮೊದಲ ಕನ್ನಡ ಅರಸುಮನೆತನದ ಹೆಸರು ಅದಕ್ಕೆ ಒಪ್ಪುತ್ತದೆ. ಬಿಣಗಾದ ಮೂಗಿನಿಂದ ಕಡಲೊಳಕ್ಕೆ ಕಲ್ಲು ಸುರಿದು ಅಲೆತಡೆ ಗೋಡೆಯನ್ನು ಎಳೆದು ಅಂಜದೀವಕ್ಕೆ ಮುಟ್ಟಿಸಿದರು. ಪ್ರಕೃತಿ ಅರ್ಧ ಕಟ್ಟಿದ್ದ ಬಂದರನ್ನು ಎಂಜಿನಿಯರರು ಪೂರ್ತಿ ಮಾಡಿದರು. ದೇಶದ ರಕ್ಷಣೆಗೆ ಇದು ಬೇಕಾದದ್ದೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೆ ಜಾಗ ಬಿಟ್ಟವರ ಲೆಕ್ಕವನ್ನೂ ಹೇಳಬೇಕು. ನೆಲದ ಮೇಲೆ ಕಾರವಾರ ಅಂಕೋಲೆಗಳ ನಡುವಣ ಅರ್ಗಾ, ಹಾರವಾಡ ಮೊದಲಾದ 13 ಹಳ್ಳಿಗಳ ಸುಮಾರು ನಾಲ್ಕು ಸಾವಿರ ಕುಟುಂಬಗಳು ಮನೆ, ಗದ್ದೆ, ಬಲೆ ಹಾಸುತ್ತಿದ್ದ ದಂಡೆ ಬಿಟ್ಟು ಎದ್ದವು. ಪರಿಹಾರಕ್ಕಾಗಿ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ಕಾದವು. ದ್ವೀಪದ ಮೇಲಿನ ಹಳೆಯ ವಸತಿಯೂ ಮುಗಿಯಿತು. ಮಾತೆಯ ಹಬ್ಬಕ್ಕೆ ಹೋಗುತ್ತಿದ್ದ ದೋಣಿಗಳಿಗೆ ಭದ್ರತೆಯ ಕಾರಣದಿಂದ ತಡೆ ಬಿತ್ತು. ಎಂದೋ ಯುದ್ಧಕ್ಕೆ ಹೆದರಿ ನೆಲ ಬಿಟ್ಟು ನೀರಿಗೆ ಬಂದವರ ವಂಶದವರು ನೀರು ಬಿಟ್ಟು ನೆಲಕ್ಕೆ ಹೋದರು. ವರ್ತೇಮ ವಾಸವಾಗಿದ್ದಾರೆಂದು ಬರೆದ ಜನ, ಹುಲ್ಲು ಹೊದಿಸಿದ ಜನ, ಹಬ್ಬ ಮಾಡಿದ ಜನ, ಯಾರೂ ತಮ್ಮ ದ್ವೀಪದ ಬಗ್ಗೆ ಒಂದು ಸಾಲು ಬರೆದಿಡಲಿಲ್ಲ. ಬರೆದವರೆಲ್ಲ ನೀರು ತುಂಬಿಕೊಂಡು ಹೋದವರು.

ಕಂದಾಯದ ಲೆಕ್ಕದಲ್ಲಿ ಅಂಜದೀವ ಇಂದಿಗೂ ಗೋವೆಯ ಕಾಣಕೋಣ ತಾಲ್ಲೂಕಿಗೆ ಸೇರಿದೆ. ಅದನ್ನು ಮುಟ್ಟುವ ಕಲ್ಲಿನ ಗೋಡೆ ಹೊರಡುವುದು ಕರ್ನಾಟಕದ ನೆಲದಿಂದ. ಅಂಕೋಲೆಯಲ್ಲಿ ಆರ್ಯಾದುರ್ಗೆಗೆ ಪೂಜೆ ನಡೆಯುತ್ತಿದೆ; ಅವಳನ್ನು ಕುಲದೇವತೆಯೆಂದು ನಡೆದುಕೊಳ್ಳುವ ಮನೆತನಗಳು ಉತ್ತರ ಕನ್ನಡದಲ್ಲಿಯೂ ಇವೆ, ಗೋವೆಯಲ್ಲಿಯೂ ಇವೆ.